ಹಲಗೇರಿ ಇಳಿಯುವವರು

ಒಂಟಿಯಾಗಿ ಉಳಿದವರ ದನಿ ಬೇರೆಯವರಿಗೆ ಕೇಳಿಸದೆ ಹೋಗುವುದು ರಾಣೆಬೆನ್ನೂರಿನಲ್ಲಿ ಈಗ ನೆಗಡಿಯಷ್ಟೇ ಮಾಮೂಲು. ಅದು ಆಪ್ತಸಮಾಲೋಚಕರಿಗೆ ಮಾತ್ರ ಕೇಳಿಸುತ್ತದೆ, ಅದೂ ಎದುರಿಗೆ ಕೂತರೆ. ಫೋನಿನಲ್ಲಿ ಆಗದ ಕೆಲಸ. ಯಾರೂ ಕೇಳದೆ ಬಿಟ್ಟರೆ ದನಿ ಪೂರ್ತಿ ಆರಿಹೋಗುತ್ತದೆ. ಆದ್ದರಿಂದ ನಿವೃತ್ತ ಬಸ್ ಕಂಡಕ್ಟರ್ ಫಕ್ಕೀರಪ್ಪನಿಗೆ ಊರಿನಲ್ಲೇ ಒಬ್ಬರು ಬೇಕಿತ್ತು.

ಔಷಧಿ ಅಂಗಡಿಯ ಮುಂದೆ ಅವನು ತನ್ನ ಹಳೆಯ ಸೀಟಿ ಊದಿ, ಎದೆಯ ಮೇಲೆ ಕೈಯಿಟ್ಟು, ದನಿಯಿಲ್ಲದೆ ಬಾಯಿ ಆಡಿಸಿ ತೋರಿಸಿದ.

“ಕಾಕಾ, ಎಷ್ಟ್ ಸೀಟಿ ಊದಿದ್ರೂ ಅಂಗಡಿ ಮುಂದಕ್ಕ ಹೋಗಂಗಿಲ್ಲ,” ಅಂಗಡಿಯವಳು ನಕ್ಕಳು. “ಸಮಾಲೋಚಕರು ಬೇಕೇನು? ಮ್ಯಾಲಿನ ಮಾಳಿಗಿಗೆ ಹೊಸಬರು ಬಂದಾರ, ಹೋಗ್ರಿ.”

ಮೇಲೆ ಶಾಂಭವಿ ಎಂಬ ಸಮಾಲೋಚಕಿ ಕುರ್ಚಿ ತೋರಿಸಿದರು. “ಕೂಡ್ರಿ. ಏನರ ಮಾತಾಡ್ರಿ, ಕೇಳಾಕ ಕುಂತೀನಿ.”

ಹೆಂಡತಿ ತೀರಿಹೋದದ್ದು, ಒಬ್ಬನೇ ಕೂತು ಉಣ್ಣುವುದು, ವರ್ಷಗಟ್ಟಲೆ ಕೂಡಿಟ್ಟ ಮಾತೆಲ್ಲ ಒಟ್ಟಿಗೇ ನುಗ್ಗಿ, ಯಾವುದು ಮೊದಲೆಂದು ತಿಳಿಯದಾಯಿತು. ಕೊನೆಗೆ ಬಾಯಿಗೆ ಬಂದದ್ದು ಬಸ್ಸಿನಲ್ಲಿ ಕೂಗುತ್ತಿದ್ದ ಹಳೆಯ ಕೂಗೊಂದೇ.

“ಹಲಗೇರಿ! ಹಲಗೇರಿ ಇಳಿಯೋರು ಬರ್ರಿ!”

ಅವನಿಗೇ ನಾಚಿಕೆಯಾಯಿತು. ಶಾಂಭವಿ ತಮ್ಮ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

“ನಾ ಇಲ್ಲಿ ಇಳಿಯೂದಿಲ್ರಿ,” ಎಂದರು. “ಮುಂದ ಹೋಗೋಣು.”