ಮೂರು ಚಮಚ, ನಾಲ್ಕು ಕೈ

ನಾಲ್ಕನೆಯ ರಾಣಿ ಕೈಗೆ ಬಂದಾಗ ಮೌನೇಶನ ಎದೆ ಧಸಕ್ಕೆಂದಿತು. ಗೆದ್ದುಬಿಟ್ಟಿದ್ದ. ಈಗ ನಡುವಿನ ಚಮಚ ಎತ್ತಿಕೊಂಡರೆ ಆಟ ಮುಗಿಯಿತು. ಬಹುಶಃ ಮನೆಯ ಆಸೆಯೂ ಮುಗಿಯಿತು.

ಎತ್ತಿಕೊಳ್ಳಲಿಲ್ಲ. ಒಂದು ರಾಣಿಯನ್ನು ಕವುಚಿ, ಎಡಗಡೆ ಕುಳಿತಿದ್ದ ಗೌರಮ್ಮನತ್ತ ಸರಿಸಿದ. ಆಟ ಗೆದ್ದು ಮನೆ ಕಳೆದುಕೊಳ್ಳುವಷ್ಟು ದಡ್ಡ ಅವನಲ್ಲ.

ಜರಗನಹಳ್ಳಿಯ ಈ ಮೊದಲ ಮಹಡಿಯ ಮನೆ ಅವನಿಗೆ ಬೇಕೇ ಬೇಕಿತ್ತು. ಮದುವೆಯಾಗಿ ಇನ್ನೂ ತಿಂಗಳು. ಹೆಂಡತಿ ರಾಜಶ್ರೀ ಇವತ್ತು ಸಂಜೆ ಸಿಂಧನೂರಿನಲ್ಲಿ ಬಸ್ಸು ಹತ್ತುತ್ತಾಳೆ. ಜೊತೆಗೆ ರೊಟ್ಟಿ ಹಂಚು, ಜೋಳದ ಹಿಟ್ಟಿನ ಡಬ್ಬಿ, ಅವಳವ್ವ ರೇಣುಕವ್ವ. "ಮನಿ ಸಿಕ್ಕೈತಿ, ಬಾ" ಎಂದು ಮೌನೇಶ ಜಂಬದಿಂದ ಹೇಳಿಬಿಟ್ಟಿದ್ದ. ಸಿಕ್ಕಿರಲಿಲ್ಲ. ಬಿಟಿಎಂನ ಪಿಜಿಯಲ್ಲಿ ಅವನ ಪಾಲಿಗಿದ್ದದ್ದು ಒಂದು ಮಂಚ, ಅದೂ ಏಣಿ ಹತ್ತಿ ಮಲಗುವಂಥದು. ಅದರ ಮೇಲೆ ಅತ್ತೆಯನ್ನು ಎಲ್ಲಿ ಕೂರಿಸುವುದು?

ಬೆಳಿಗ್ಗೆ ಟು-ಲೆಟ್ ಬೋರ್ಡಿನ ನಂಬರಿಗೆ ಫೋನು ಮಾಡಿದಾಗ ಗಂಡಸೊಬ್ಬ, "ಬಾಗ್ಲು ತೆಗ್ದಿರತ್ತೆ, ಒಳಗೆ ಹೋಗಿ ನೋಡ್ತಿರಿ" ಎಂದಿದ್ದ. ಮೌನೇಶ ಹೋದ. ಖಾಲಿ ಹಾಲಿನಲ್ಲಿ ಪೇಪರು ಹಾಸಿಕೊಂಡು ಗೌರಮ್ಮ ಕುಳಿತಿದ್ದರು. ಸೊಂಟದಲ್ಲಿ ಬೀಗದ ಕೈಗೊಂಚಲು, ಪಕ್ಕದಲ್ಲಿ ಬಟ್ಟೆಯ ಚೀಲ. ಎದುರಿಗೆ ಪರಮಶಿವಯ್ಯ ಎಂಬ ಹಿರಿಯರು, ಎಡಗಡೆ ಸಂಗೀತಾ ಎಂಬ ಹೆಂಗಸು. ಗಂಡ, ಸೊಸೆ ಇರಬೇಕು ಎಂದುಕೊಂಡ ಮೌನೇಶ. ಗೌರಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಯಾವೂರು? ಎಲ್ಲಿ ಕೆಲ್ಸ? ಮದ್ವೆ ಆಗಿದ್ಯಾ? ಮನೇಲಿ ನಾನ್‌ವೆಜ್ ಮಾಡ್ತೀರಾ?"

ಓನರು ಎಂದು ಬೇರೆ ಬೋರ್ಡು ಹಾಕಿಕೊಳ್ಳಬೇಕೆ? ಮೌನೇಶ ಕೈಕಟ್ಟಿ ನಿಂತು ಎಲ್ಲಕ್ಕೂ ಉತ್ತರ ಕೊಟ್ಟ.

"ನೀರು ಹೆಂಗ್ರೀ ಅಮ್ಮಾರೆ, ಇಲ್ಲಿ?"

"ದಿನಾ ಬರತ್ತಂತೆ."

ಒಂದಿಷ್ಟೂ ಜಂಬವಿಲ್ಲದ ಓನರು. ಮೌನೇಶನಿಗೆ ಮನೆ ಇನ್ನಷ್ಟು ಹಿಡಿಸಿತು.

ಆಮೇಲೆ ಚೀಲದಿಂದ ಇಸ್ಪೀಟಿನ ಕಟ್ಟೂ ಮೂರು ಸ್ಟೀಲಿನ ಚಮಚಗಳೂ ಹೊರಬಂದವು.

"ಸುಮ್ನೆ ಕೂತ್ರೆ ಹೊತ್ತು ಹೋಗಲ್ಲ, ಆಡೋಣ," ಎಂದರು ಗೌರಮ್ಮ. "ಎಕ್ಕ, ಗುಲಾಮ, ರಾಣಿ, ರಾಜ, ಇಷ್ಟೇ ಎಲೆ. ಒಬ್ಬೊಬ್ಬರಿಗೆ ನಾಲ್ಕು. ನಾನು 'ಹಾಕಿ' ಅಂದ ತಕ್ಷಣ ಬೇಡದ ಎಲೆ ಎಡಗಡೆಯವರಿಗೆ ತಳ್ಳಿ. ನಾಲ್ಕು ರಾಜಾನೋ ನಾಲ್ಕು ರಾಣೀನೋ ಒಟ್ಟಿಗೆ ಸೇರಿದ್ರೆ ಬಾಯಿ ಬಿಡಬಾರ್ದು, ಮೆಲ್ಲಗೆ ಚಮಚ ಎತ್ಕೊಳ್ಳಿ. ಒಬ್ರು ಎತ್ತಿದ್ರೋ, ಉಳಿದೋರೆಲ್ಲ ಹಾರಿ ಬೀಳ್ಬೇಕು. ಇರೋದು ಮೂರೇ. ಸಿಗದೇ ಇರೋರು ಕತ್ತೆ. ಎದ್ದು ನಿಂತು ಕತ್ತೆ ಥರ ಕೂಗ್ಬೇಕು. ಬೇಗ ಬೇಗ! ಯೋಚ್ನೆ ಮಾಡೋ ಆಟ ಅಲ್ಲ ಇದು."

ಮೌನೇಶ ಯೋಚಿಸಿದ. ಬಾಡಿಗೆಗೆ ಬಂದವನ ಗುಣ ತಿಳಿಯಲು ಬೆಂಗಳೂರಿನಲ್ಲಿ ಏನೇನೋ ಪರೀಕ್ಷೆಗಳಿವೆ. ಒಬ್ಬರು ಅವನ ಆಫೀಸಿನ ಐಡಿ ಕಾರ್ಡು ಕೇಳಿದ್ದರು, ಇನ್ನೊಬ್ಬರು ಜಾತಕ. ಇದು ಹೊಸದು. ಓನರನ್ನು ಸೋಲಿಸಿದವನಿಗೆ ಯಾರು ಮನೆ ಕೊಡುತ್ತಾರೆ?

ಮೊದಲ ಆಟದಲ್ಲಿ ಗೌರಮ್ಮ ಚಮಚ ಎತ್ತಿದರು. ಉಳಿದ ಎರಡು ಹಾಗೇ ಬಿದ್ದಿದ್ದವು. ಮೂವರೂ ಅವುಗಳನ್ನು ನೋಡುತ್ತ ಕುಳಿತರು. ಪರಮಶಿವಯ್ಯ ಕಿವಿ ಕೆರೆದುಕೊಂಡರು. ಸಂಗೀತಾಳ ಕೈಗೆ ಸಿಕ್ಕಿದ ಚಮಚ ಜಾರಿ ಕೆಳಗೆ ಬಿತ್ತು.

"ನೀವು ತಗೊಳ್ಳಿ ಅಂಕಲ್."

"ಬೇಡಮ್ಮ, ಇವ್ರು ತಗೊಳ್ಳಲಿ."

"ಛೇ ಛೇ, ದೊಡ್ಡೋರು ನೀವು ತಗೋರಿ."

ಕೊನೆಗೆ ಪರಮಶಿವಯ್ಯನವರೇ ಎದ್ದು ಕೂಗಿದರು. ಕೂಗಿ, "ಚೆನ್ನಾಗಿ ಆಡ್ತೀರಿ ಅಮ್ಮಾವ್ರೇ," ಎಂದು ಗೌರಮ್ಮನಿಗೆ ಕೈ ಮುಗಿದರು. ಹೆಂಡತಿಗೆ 'ಅಮ್ಮಾವ್ರೇ' ಎನ್ನುವ ಗಂಡ! ಮನೆ ಯಾರ ಹೆಸರಿನಲ್ಲಿದೆ ಎಂಬುದು ಮೌನೇಶನಿಗೆ ಅಲ್ಲೇ ಗೊತ್ತಾಯಿತು.

ಸೊಸೆ ಸಂಗೀತಾಳ ಕಥೆಯೂ ಅದೇ. ಎರಡನೆಯ ಆಟದಲ್ಲಿ ತಾನೇ ಬೇಡಿಕೊಂಡು ಕತ್ತೆಯಾದಳು. ನಡುವೆ ಎದ್ದು ಹೋಗಿ ಅಡುಗೆಮನೆಯ ನಲ್ಲಿ, ಬಚ್ಚಲ ನಲ್ಲಿ ಎಲ್ಲ ತಿರುಗಿಸಿ ನೋಡಿ ಬಂದಳು. ಅತ್ತೆಯ ಮನೆಯ ಮೇಲೆ ಎಷ್ಟು ಕಾಳಜಿ! ಅತ್ತೆಯನ್ನು 'ಆಂಟಿ' ಎಂದು ಕರೆಯುತ್ತಿದ್ದುದು ಮಾತ್ರ ಮೌನೇಶನಿಗೆ ಸರಿಬರಲಿಲ್ಲ. ಈಗಿನ ಕಾಲವೇ ಹಾಗೆ ಎಂದುಕೊಂಡು ಸುಮ್ಮನಾದ.

ಈಗ ಮೂರನೆಯ ಆಟ. ಅವನು ಸರಿಸಿದ ರಾಣಿ ಒಂದು ಸುತ್ತು ಹೊಡೆದು ಮರಳಿ ಅವನ ಕೈಗೇ ಬಂದಿತು. ಮತ್ತೆ ಕಳಿಸಿದ. ಮತ್ತೆ ಬಂದಿತು. ಮೌನೇಶನ ಹಣೆಯಲ್ಲಿ ಬೆವರು. ಇಷ್ಟು ಕಷ್ಟಪಟ್ಟು ಅವನು ಯಾವುದನ್ನೂ ಸೋತಿರಲಿಲ್ಲ.

"ಹಾಕಿ!" ಎಂದ ಗೌರಮ್ಮ, ಮರುಕ್ಷಣ ಚಮಚ ಎತ್ತಿದರು. ನಾಲ್ಕು ರಾಜ. ಈ ಸಲ ಉಪಚಾರದ ಮಾತಿಗೆ ಎಡೆಗೊಡದೆ ಮೌನೇಶ ತಕ್ಷಣ ಎದ್ದು ನಿಂತ. ಕಣ್ಣು ಮುಚ್ಚಿ, ರಾಜಶ್ರೀಯನ್ನು ನೆನೆದು, ಕೇರಿಗೆಲ್ಲ ಕೇಳುವಂತೆ ಕತ್ತೆಯಾದ.

ಕಣ್ಣು ಬಿಟ್ಟಾಗ ಬಾಗಿಲಲ್ಲಿ ಹೆಲ್ಮೆಟ್ಟು ಹಿಡಿದ ಗಂಡಸೊಬ್ಬ ಬೆರಗಾಗಿ ನಿಂತಿದ್ದ.

"ಸಾರಿ, ಕಾಯಿಸ್ಬಿಟ್ಟೆ. ನಾನು ಗೂಳಪ್ಪ. ಬನಶಂಕರಿ ಬಸ್ ಸ್ಟಾಂಡ್ ಹತ್ರ ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡೆ."

ಫೋನಿನಲ್ಲಿ ಕೇಳಿದ ಅದೇ ದನಿ. ಗೌರಮ್ಮನ ಮಗ ಇರಬೇಕು.

"ಮನೆ ನೋಡೋಕೆ ಮೊದ್ಲು ಬಂದೋರು ಯಾರು? ಅವ್ರಿಗೇ ಕೊಟ್ಬಿಡ್ತೀನಿ, ನಂಗೆ ಜಾಸ್ತಿ ತಲೆನೋವು ಬೇಡ."

ಬಂದಿರುವುದು ತಾನೊಬ್ಬನೇ. ಮೌನೇಶ ನಗುನಗುತ್ತ ಕೈ ಎತ್ತಿದ.

ಪರಮಶಿವಯ್ಯನವರೂ ಎತ್ತಿದರು, ಸಂಗೀತಾಳೂ ಎತ್ತಿದಳು. ಗೌರಮ್ಮನ ಕೈ, ಚಮಚದ ಸಮೇತ, ಆಗಲೇ ಮೇಲಿತ್ತು.