ಬಂದೆ ಅನ್ನುವವರು

ಒಬ್ಬರಿಗೋಸ್ಕರ ಬೇಯುವುದನ್ನು ಅಕ್ಕಿ ಬಿಟ್ಟು ಎಷ್ಟೋ ಕಾಲವಾಗಿತ್ತು. ಯಾರನ್ನಾದರೂ ಊಟಕ್ಕೆ ಕರೆದು, ಅವರು "ಬಂದೆ" ಅಂದರಷ್ಟೇ ಅದು ಅರಳುತ್ತಿತ್ತು. ಒಂಟಿ ಜನ ಬನ್ನು, ಬ್ರೆಡ್ಡು ತಿಂದುಕೊಂಡಿದ್ದರು.

ಪಂಚಾಕ್ಷರಿಗೆ ಮಾತ್ರ ಅನ್ನ ಬಿಡಲಾಗದು. ಕಾಲೇಜಿನಲ್ಲಿ ಮಿಮಿಕ್ರಿಗೆ ಬಹುಮಾನ ಗೆದ್ದವನು, ಅಕ್ಕಿಯನ್ನೂ ಯಾಮಾರಿಸುತ್ತಿದ್ದ. ಇವತ್ತು ಮಾವಿನಕಾಯಿ ಚಿತ್ರಾನ್ನಕ್ಕೆ ಹುರಿದ ಎಳ್ಳಿನ ಪುಡಿ ಹಾಕುವ ಹೊಸ ಪ್ರಯೋಗ. ಕುದಿಯುವ ಪಾತ್ರೆಯ ಮುಂದೆ ನಿಂತು, "ಮಾವಾ, ಊಟಕ್ಕೆ ಬನ್ನಿ!" ಎಂದ. ಮರುಗಳಿಗೆ ತಾನೇ ಮೂಗಿನಲ್ಲಿ, "ಬಂದೆ ಕಣಯ್ಯಾ! ಮಾವಿನಕಾಯಿ ನೆಪದಲ್ಲಿ ಮಾವನ್ನ ಕಾಯಿಸಬೇಡ!" ಎಂದ. ಅಕ್ಕಿ ಕಲ್ಲಿನಂತೆ ಕೂತಿತ್ತು. ಕಂಡಕ್ಟರ್ ಆದ, ಪ್ರಿನ್ಸಿಪಾಲರೂ ಆದ. ನೀರು ಬತ್ತಿತೇ ಹೊರತು ಅಕ್ಕಿ ಮೆತ್ತಗಾಗಲಿಲ್ಲ. ಅವನ ಅಷ್ಟೂ ವೇಷಗಳ ಗುರುತು ಅದಕ್ಕೆ ಸಿಕ್ಕಿಬಿಟ್ಟಿತ್ತು.

ಗೋಡೆಯಾಚೆ ನೀಲಕ್ಕನ ಮನೆಯಲ್ಲಿ ಎಂದಿನ ಗದ್ದಲ.

"ಪುಟ್ಟೀ, ಊಟಕ್ಕೆ ಬಾರೇ!"

"ಬಂದೆ ಅಮ್ಮಾ!"

ದನಿಗಳಷ್ಟೇ ಕೇಳಿ ಬಲ್ಲ ಆ ತುಂಬಿದ ಮನೆಯ ಮೇಲೆ ಅವನಿಗೆ ಮೊದಲಿನಿಂದಲೂ ಹೊಟ್ಟೆಕಿಚ್ಚು. ಅಷ್ಟರಲ್ಲಿ ಪುಟ್ಟಿ ಕೆಮ್ಮಿದಳು. ಮೆಟ್ಟಿಲ ಮೇಲೆ ದಿನಾ ಕೇಳುವ, ನೀಲಕ್ಕನದೇ ಗೊರಗೊರ ಕೆಮ್ಮು!

ಪಂಚಾಕ್ಷರಿ ಸೌಟು ಹಿಡಿದು ನಿಂತೇಬಿಟ್ಟ. ಆಚೆಯಿಂದ ದಣಿದ ದನಿ ಬಂತು: "ಯಾರಾದ್ರೂ ಊಟಕ್ಕೆ ಬರ್ರಪ್ಪಾ..."

ಬಾಯಿ ತೆರೆದ. ಯಾರ ದನಿ ಮಾಡುವುದು? ತನ್ನ ಸ್ವಂತದ್ದು ಹೇಗಿತ್ತೆಂದು ಗಂಟಲಲ್ಲೆಲ್ಲ ತಡಕಾಡಿದ.

"ಬಂದೆ, ನೀಲಕ್ಕಾ."

ಆಚೆ ಪಾತ್ರೆಯ ಮುಚ್ಚಳ ಕುಣಿಯತೊಡಗಿತು. ಆಮೇಲೆ ಬೆಂದ ಅನ್ನದ ಘಮ ಬಂತು, ಅದರ ಹಿಂದೆಯೇ ಬಾಗಿಲ ಚಿಲಕ ತೆಗೆದ ಸದ್ದು.