ಕೆಂಪಿಗೆ ಒಂದು ಗಂಟು

"ಅಪ್ಪನಿಗೆ ಇಲ್ಲದೆ ಮಗಳಿಗೆ ಈ ಬಣ್ಣಗುರುಡು ಬರೋದಿಲ್ಲ ದೇವಣ್ಣ," ಅಂದರು ಕಣ್ಣಿನ ಡಾಕ್ಟರ್ ಮಾಲಿನಿ. ಮೇಜಿನ ಮೇಲೆ ಬಣ್ಣದ ಚುಕ್ಕೆಗಳ ಪುಸ್ತಕ ತೆರೆದೇ ಇತ್ತು. ಚುಕ್ಕೆಗಳ ನಡುವೆ ಅಡಗಿದ್ದ ಅಂಕಿ ಒಂದೂ ಮಗಳು ಸ್ಪಂದನಳಿಗೆ ಕಂಡಿರಲಿಲ್ಲ. ಕಾಲೇಜಿನ ಲ್ಯಾಬಿನಲ್ಲಿ ಹಸಿರು ಜ್ವಾಲೆಯನ್ನು ಎರಡೆರಡು ಸಲ ಕೆಂಪು ಅಂತ ಬರೆದಳೆಂದು ಮೇಷ್ಟ್ರೇ ಅವಳನ್ನು ಇಲ್ಲಿಗೆ ಅಟ್ಟಿದ್ದರು.

ದೇವಣ್ಣ ನಕ್ಕುಬಿಟ್ಟ. ನಗದೆ ಇನ್ನೇನು? ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಸೀರೆ ಅಂಚಿನ ಕೆಲಸ ಅಂದರೆ ಅವನ ಹೆಸರೇ ಮೊದಲು. ಗೋಡೆಯಾಚೆ ಕೂತು ನೇಯುವ ಪರಮೇಶನೂ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದ. "ನನ್ ಕಣ್ಗೇನಾಗದೆ ಡಾಕ್ಟ್ರಮ್ಮ? ಮೂವತ್ತು ವರ್ಸದಿಂದ ರೇಷ್ಮೆ ನೇಯ್ತಾ ಇವ್ನಿ. ಒಂದ್ ಸೀರೇಲೂ ಬಣ್ಣ ತಪ್ಪಿಲ್ಲ."

"ಹಾಗಾದ್ರೆ ನೀವೂ ಒಂದ್ಸಲ ಈ ಪುಸ್ತಕ ನೋಡಿ. ಗಂಡುಮಗುವಿಗೆ ತಾಯಿಯಿಂದ ಬಂದರೆ ಸಾಕು, ದೋಷ ಕಾಣಿಸಿಕೊಳ್ಳುತ್ತೆ. ಹೆಣ್ಣುಮಗುವಿಗಾದ್ರೆ ಅಪ್ಪ, ಅಮ್ಮ ಇಬ್ಬರಿಂದಲೂ ಬರಬೇಕು. ಅಮ್ಮನಲ್ಲಿ ಅದು ಅಡಗಿರಬಹುದು. ಅಪ್ಪನಲ್ಲಿ ಅಡಗೋದಿಲ್ಲ."

"ಬ್ಯಾಡ ಬುಡಿ," ಅಂದ ದೇವಣ್ಣ ಪುಸ್ತಕದ ಕಡೆ ತಿರುಗದೆ ಎದ್ದ. ದಾರಿಯುದ್ದಕ್ಕೂ ಮಗಳಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದ.

ಮನೆಯಲ್ಲಿ ರಂಗಮ್ಮ ರಾಟೆ ತಿರುಗಿಸುತ್ತ, ಸಣ್ಣ ಕಡ್ಡಿಗೆ ರೇಷ್ಮೆ ನೂಲು ಸುತ್ತಿ ಲಾಳಿಗೆ ಹಾಕುವ ಕಂಡಿಕೆ ಮಾಡುತ್ತಿದ್ದಳು. ದೇವಣ್ಣನ ಸ್ವಂತ ಅಕ್ಕನ ಮಗಳು ಅವಳು. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಗಂಡನನ್ನು ಕರೆಯುವುದು ಮಾವ ಅಂತಲೇ. ಡಾಕ್ಟರ್ ಹೇಳಿದ್ದನ್ನೆಲ್ಲ ಮಗಳ ಬಾಯಿಂದ ಕೇಳಿ, "ಅಯ್ಯೋ ನನ್ ಕೂಸೆ," ಅಂದಳು. ಓದಲಿ ಅಂತ ಅವಳನ್ನು ಮಗ್ಗದ ಹತ್ತಿರ ಬಿಟ್ಟುಕೊಂಡವಳಲ್ಲ. ಮಗಳ ಕಣ್ಣಿನ ದೋಷ ಇವತ್ತಿನವರೆಗೆ ಅವಳಿಗೂ ಗೊತ್ತಾಗಿರಲಿಲ್ಲ.

ದೇವಣ್ಣ ಕೂರಲಿಲ್ಲ. "ಅಪ್ಪನಲ್ಲಿ ಅಡಗಲ್ವಂತೆ. ನನ್ ಕಣ್ಣು ಸರಿಯಾಗವೆ. ಅಂಗಾದ್ರೆ ಇವಳಿಗೆ ಎಲ್ಲಿಂದ ಬಂತು ರಂಗಿ?"

ರಾಟೆ ನಿಂತಿತು. ಮಾತಿನೊಳಗಿನ ಮಾತು ರಂಗಮ್ಮನಿಗೆ ಮುಟ್ಟಿ ಮೈಯೆಲ್ಲ ಉರಿದುಹೋಯಿತು. "ಕೂಸು ಯಾರ್ದು ಅಂತ ಬಾಯ್ಬುಟ್ಟು ಕೇಳು ಮಾವ. ಸುತ್ತಿ ಬಳಸಿ ಯಾಕೆ?"

ರಂಗಮ್ಮ ಆಗತಾನೆ ಸುತ್ತಿದ್ದ ಎರಡು ಕಂಡಿಕೆ ತಂದು ಅವನ ಎರಡು ಕೈಗೆ ಒಂದೊಂದು ಇಟ್ಟಳು. "ಕೆಂಪು ಯಾವ್ದು ಅಂತ ಏಳು."

ಅವನ ಹೆಬ್ಬೆರಳು ತಾನಾಗಿ ಕಂಡಿಕೆಯ ಕಡ್ಡಿಯ ತುದಿಗೆ ಹೋಯಿತು. ಆ ಮನೆಯಲ್ಲಿ ಕಡ್ಡಿಯ ತುದಿಗೆ ನೂಲು ಕಟ್ಟಿ ಗಂಟು ಹಾಕುತ್ತಿದ್ದರು. ಕೆಂಪಿಗೆ ಒಂದು, ಹಸಿರಿಗೆ ಎರಡು. ಮೊದಲು ಅವನ ತಾಯಿ ಹಾಕುತ್ತಿದ್ದಳು, ಆಮೇಲೆ ಹೆಂಡತಿ. ಎಲ್ಲ ನೇಕಾರರ ಮನೆಯಲ್ಲೂ ಹೀಗೇ ಅಂತ ದೇವಣ್ಣ ತಿಳಿದಿದ್ದ. ಹೆಬ್ಬೆರಳು ಆ ತುದಿ ಈ ತುದಿ ತಡಕಾಡಿತು.

"ಗಂಟೇ ಆಕಿಲ್ವಲ್ಲೇ."

"ಕಣ್ಣು ಅವೆಯಲ್ಲ ಮಾವ. ನೋಡಿ ಏಳು."

ಅವನು ಬಾಗಿಲಿಗೆ ಬಂದು ಬಿಸಿಲಿಗೆ ಹಿಡಿದ. ಎರಡೂ ಹಳೇ ಹುಣಿಸೆಹಣ್ಣಿನ ಬಣ್ಣ. ಕೊನೆಗೆ ಬಲಗೈ ಮುಂದೆ ಚಾಚಿದ.

"ನಂಗೂ ಅದೇ ಕೆಂಪು ಅನ್ನಿಸ್ತದೆ ಅಪ್ಪ," ಅಂದಳು ಸ್ಪಂದನ.

"ಅದು ಅಸ್ರು," ಅಂದಳು ರಂಗಮ್ಮ. "ಯಾರ್ ಮಗಳು ಅಂತ ಈಗ ಗೊತ್ತಾಯ್ತಾ?"

ದೇವಣ್ಣ ಎರಡು ಕಂಡಿಕೆಯನ್ನೂ ಹೊಸಿಲ ಮೇಲೆ ಇಟ್ಟು ಅಲ್ಲೇ ಕೂತ. "ಇಷ್ಟ್ ವರ್ಸ ನಂಗ್ಯಾಕೆ ಏಳ್ಲಿಲ್ಲ ನೀನು?" ಅಂದ.

"ಅಜ್ಜಿ, ನಿನ್ ಅವ್ವ, ಮಾದಪ್ಪನ ಮೇಲೆ ಆಣೆ ಇಡಿಸ್ಕಂಡಿತ್ತು. ಅದ್ರ ಅಪ್ಪನಿಗೂ ಇಂಗೇ ಇತ್ತಂತೆ. ಒರಗಿನ ಹೆಣ್ಣು ಬಂದ್ರೆ ಬೀದಿಗೆಲ್ಲ ಗೊತ್ತಾಯ್ತದೆ, ನೇಕಾರನ ಕಣ್ಣೇ ಓಯ್ತು ಅಂದ್ರೆ ಮಾನ ಓಯ್ತು ಅಂತಾನೇ ಮಗಳ ಮಗಳನ್ನ ತಂದ್ಕಂಡಿದ್ದು."

"ಹೊರಗಿನವಳನ್ನ ತಂದಿದ್ರೆ ನಂಗೆ ಇದು ಬರ್ತಾ ಇರ್ಲಿಲ್ವೇನೋ," ಅಂದಳು ಸ್ಪಂದನ.

"ತಂದಿದ್ರೆ ನೀನೇ ಇರ್ತಿರ್ಲಿಲ್ಲ, ಸುಮ್ನಿರು," ಅಂದಳು ರಂಗಮ್ಮ.

ದೇವಣ್ಣನಿಗೆ ತಲೆ ಎತ್ತಲಾಗಲಿಲ್ಲ. ಬಣ್ಣ ಕಾಣದ್ದಕ್ಕಿಂತ, ಹೆಂಡತಿಗೆ ಕೇಳಿದ ಆ ಒಂದು ಪ್ರಶ್ನೆ ಅವನನ್ನು ಚುಚ್ಚುತ್ತಿತ್ತು. "ತಪ್ಪಾಯ್ತು ಕಣೆ," ಅಂದ. ರಂಗಮ್ಮ ರಾಟೆಗೆ ಹೋಗಿ ಕೂತಳು. ಉಳಿದ ಕಂಡಿಕೆಗಳನ್ನೆಲ್ಲ ಸುತ್ತಿ ಬುಟ್ಟಿಗೆ ಹಾಕಿದಳು. ಒಂದಕ್ಕೂ ಗಂಟು ಹಾಕಲಿಲ್ಲ.

ಮಾರನೆಯ ಬೆಳಿಗ್ಗೆ ದೇವಣ್ಣ ಮಗ್ಗದ ಗುಂಡಿಗೆ ಇಳಿದ. ಗೋಡೆಯಾಚೆ ಪರಮೇಶನ ಮಗ್ಗ ಆಗಲೇ ಟಕಟಕ ಅನ್ನುತ್ತಿತ್ತು. ದೇವಣ್ಣ ಬುಟ್ಟಿಯಿಂದ ಒಂದು ಕಂಡಿಕೆ ಎತ್ತಿಕೊಂಡು ಕಡ್ಡಿಯ ತುದಿ ಸವರಿ ನೋಡಿದ. ಅಂಚಿಗೆ ಈಗ ಕೆಂಪು ಬೇಕಿತ್ತು. ಎದ್ದು ಅಡುಗೆಮನೆಗೆ ಹೋಗಿ ಮೆಲ್ಲಗೆ ಕೇಳಬಹುದಿತ್ತು. ಆದರೆ ಕೂತಲ್ಲಿಂದಲೇ ಬೀದಿಗೆಲ್ಲ ಕೇಳುವ ಹಾಗೆ ಕೂಗಿದ:

"ರಂಗೀ, ಇದ್ಯಾವ್ ಬಣ್ಣ ನೋಡ್ ಬಾ. ನಂಗೆ ಕಾಣಲ್ಲ."

ಗೋಡೆಯಾಚೆ ಪರಮೇಶನ ಮಗ್ಗ ಗಕ್ಕನೆ ನಿಂತಿತು.